ಅಮಾವಾಸ್ಯೆಯೋ, ಟ್ರ್ಯಾಕ್ಟರೋ?

ಕನ್ನಡ ಕಲಿಸುವುದನ್ನೇ ಕಸುಬಾಗಿ ಮಾಡಿಕೊಂಡವನಿಗೆ ಮಾತಿನ ಮೇಲೆ ಭಕ್ತಿ ಸ್ವಲ್ಪ ಹೆಚ್ಚೇ ಇರುತ್ತದೆ. ಧಾತು, ಪ್ರತ್ಯಯ, ಸಮಾಸಗಳ ನಡುವೆ ದಿನ ಕಳೆಯುವವನು, ಮನುಷ್ಯನ ಮನಸ್ಸಿನಲ್ಲಿರುವುದೆಲ್ಲ ಮಾತಾಗಿಯೇ ಹೊರಬರುತ್ತದೆಂದು ನಂಬಿಬಿಡುತ್ತಾನೆ. ಆದರೆ ಹದಿನಾರು ವರ್ಷವಾದರೂ 'ನೀರು' ಎಂದು ಕೇಳಲಾರದ ಮಗನಿರುವ ಮನೆಯಲ್ಲಿ ಒಂದು ಸಂಜೆ ಕುಳಿತು ಬಂದರೆ ಆ ನಂಬಿಕೆ ಅಲುಗುತ್ತದೆ. ಅಲ್ಲಿ ತಟ್ಟೆ ಎಸೆಯುವುದು ಒಂದು ವಾಕ್ಯ; ಕೈ ಕಚ್ಚಿಕೊಳ್ಳುವುದು ಇನ್ನೊಂದು ವಾಕ್ಯ; ಗೋಡೆಗೆ ತಲೆ ಬಡಿದುಕೊಳ್ಳುವುದು, ಬಹುಶಃ, ಯಾರೂ ಕೇಳಿಸಿಕೊಳ್ಳದ ಒಂದು ದೀರ್ಘ ಅಹವಾಲು.

ಈ ವಾರ ವಾಚಕರನ್ನು ಜಮಖಂಡಿಯ ಕಡೆಗೆ, ಕೃಷ್ಣೆಯ ದಂಡೆಗೆ ಕರೆದೊಯ್ಯಬೇಕೆಂದಿದ್ದೇನೆ. ಚಿಕ್ಕಪಡಸಲಗಿಯ ಹೆಸರನ್ನು ನೀವು ಕೇಳಿರಬಹುದು. ಸರಕಾರದ ದಾರಿ ಕಾದು ಬೇಸತ್ತ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಾವೇ ಹಣ ಕೂಡಿಸಿ, ತಾವೇ ಕಲ್ಲು ಹೊತ್ತು, 1989ರಲ್ಲಿ ನದಿಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿ ಮುಗಿಸಿದ ಸ್ಥಳವದು. 'ಶ್ರಮಬಿಂದು ಸಾಗರ' ಎಂಬುದು ಅದರ ಹೆಸರು. (ಎರಡೇ ವರ್ಷಗಳಲ್ಲಿ, 1991ರ ಲೋಕಸಭಾ ಚುನಾವಣೆಯಲ್ಲಿ, ಆ ಬ್ಯಾರೇಜಿನ ಕೀರ್ತಿಯೇ ಬಾಗಲಕೋಟೆಯಲ್ಲಿ ರಾಮಕೃಷ್ಣ ಹೆಗಡೆಯವರಂಥ ಘಟಾನುಘಟಿಯನ್ನು ಸೋಲಿಸಿತೆಂಬುದು ಬೇರೆಯ ಕಥೆ.) ಬೇಸಿಗೆಯಲ್ಲಿ ಮರಳು ಕಾಣುತ್ತಿದ್ದ ನದಿಯಲ್ಲಿ ನೀರು ನಿಂತಿತು. ನೀರಿನ ಹಿಂದೆ ಕಬ್ಬು ಬಂತು. ಕಬ್ಬಿನ ಹಿಂದೆ ಕಾರ್ಖಾನೆಗಳು, ಕಾರ್ಖಾನೆಗಳ ಹಿಂದೆ ಟ್ರ್ಯಾಕ್ಟರುಗಳು ಬಂದುವು. ಸುಗ್ಗಿಯಲ್ಲಿ ಈ ಸೀಮೆಯ ದಾರಿ ಹಿಡಿದವರಿಗೆ ಗೊತ್ತು: ಎರಡೆರಡು ಟ್ರಾಲಿ ಕಬ್ಬು ಹೇರಿಕೊಂಡ ಟ್ರ್ಯಾಕ್ಟರು, ಚಾಲಕನ ಬೆನ್ನ ಹಿಂದೆ ಪೆಟ್ಟಿಗೆಯಷ್ಟು ದೊಡ್ಡ ಧ್ವನಿವರ್ಧಕ, ಅದರಿಂದ ಎದೆಗೂಡು ನಡುಗಿಸುವ ಹಾಡು. ಹಾಡು ಮೊದಲು ಬರುತ್ತದೆ, ಟ್ರ್ಯಾಕ್ಟರು ಆಮೇಲೆ.

ಈಗ ಅಂಥ ಊರಿನಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಇದು ಯಾರ ಮನೆಯೂ ಅಲ್ಲ. ಇಂಥ ನಾಲ್ಕಾರು ಮನೆಗಳಿಂದ ಒಂದೊಂದು ಗೋಡೆ ತಂದು ನಾನು ಕಟ್ಟಿದ್ದು. ಆ ಮನೆಯ ಹಿರಿಯ ಮಗ ಹುಟ್ಟಿದಾಗಿನಿಂದ ನಿಧಾನ. ಮೂರು ವರ್ಷಕ್ಕೆ ನಡೆದ; ಮಾತು ಮಾತ್ರ ಬರಲಿಲ್ಲ. ವೈದ್ಯರು ಆಟಿಸಂ ಎಂದರು, ಜೊತೆಗೆ ಬುದ್ಧಿಯ ಬೆಳವಣಿಗೆಯೂ ಕುಂಠಿತವೆಂದರು. ಸಣ್ಣವನಿದ್ದಾಗ ಎಲ್ಲರಿಗೂ ಮುದ್ದು. ಮೀಸೆ ಮೂಡುವ ಹೊತ್ತಿಗೆ ಅದೇ ಹುಡುಗ ಊರಿಗೆ ಭಯವಾದ. ಸಂಜೆಯ ಹೊತ್ತು ಇದ್ದಕ್ಕಿದ್ದಂತೆ ಕಿವಿ ಮುಚ್ಚಿಕೊಂಡು ಚೀರುತ್ತಾನೆ, ಮುಂಗೈ ಕಚ್ಚಿಕೊಳ್ಳುತ್ತಾನೆ, ಬೀದಿಗೆ ಓಡಿ ಕಲ್ಲು ಬೀಸುತ್ತಾನೆ. ಒಮ್ಮೆ ಕಲ್ಲು ಯಾರದೋ ಹಣೆಗೆ ತಾಗಿ ಪಂಚಾಯಿತಿಯವರೆಗೆ ಮಾತು ಹೋಯಿತು. ಅಂದಿನಿಂದ ಸಂಜೆ ಐದಾಗುತ್ತಲೇ ಅವನ ಕಾಲಿಗೆ ಹಗ್ಗ. ಹಗ್ಗದ ಇನ್ನೊಂದು ತುದಿ ಪಡಸಾಲೆಯ ಕಂಬಕ್ಕೆ.

ಊರು ತನ್ನದೇ ರೀತಿಯಲ್ಲಿ ರೋಗನಿರ್ಣಯ ಮಾಡಿತು. "ಅಮಾಸಿ ಕಾಟ ಯವ್ವಾ ಅದು, ದೀವಳಿಗಿ ಅಮಾಸಿ ಬಂತಂದ್ರ ಏಳತೈತಿ" ಎಂದಳು ಅಜ್ಜಿ. "ನಾಕು ಬಾರಿಸಿದ್ರ ತಾನ ಸುಮ್ಮನಾಗ್ತಾನ" ಎಂದನು ಕಾಕಾ. "ಧಾರವಾಡಕ್ಕ ಕಳಸ್ರಿ" ಎಂದರು ಕಟ್ಟೆಯ ಮೇಲಿನವರು. ನಮ್ಮ ಕಡೆ ಈ ಕೊನೆಯ ಮಾತಿಗೆ ಅರ್ಥ ಹೇಳಬೇಕಾದುದಿಲ್ಲ. 1845ರಲ್ಲಿ ಆರಂಭವಾದ ಧಾರವಾಡದ ಮಾನಸಿಕ ಆಸ್ಪತ್ರೆ ಉತ್ತರ ಕರ್ನಾಟಕದ ನುಡಿಗಟ್ಟಿನಲ್ಲೇ ಸೇರಿಹೋಗಿದೆ. ಈಗ ಅದು ದೊಡ್ಡ ಬೋಧನ ಸಂಸ್ಥೆ, ಅಲ್ಲಿ ಒಳ್ಳೆಯ ವೈದ್ಯರಿದ್ದಾರೆ. ನುಡಿಗಟ್ಟು ಮಾತ್ರ ಹಳೆಯದೇ ಉಳಿದಿದೆ.

ಅಜ್ಜಿಯ ಮಾತನ್ನು ನಗೆಯಾಡಿ ತಳ್ಳಿಹಾಕುವುದು ಪೇಟೆಯವರಿಗೆ ಸುಲಭ. ಆದರೆ ಅಜ್ಜಿ ಒಂದು ಕೆಲಸ ಮಾಡಿದ್ದಳು, ಅದನ್ನು ಬೇರೆ ಯಾರೂ ಮಾಡಿರಲಿಲ್ಲ: ಕಾಟ ಯಾವಾಗ ಏಳುತ್ತದೆಂದು ಗಮನಿಸಿದ್ದಳು. ಶಾಸ್ತ್ರ ಆರಂಭವಾಗುವುದೂ ಅಲ್ಲಿಂದಲೇ. ವರ್ತನಾ ಚಿಕಿತ್ಸೆಯೆಂದು ಕರೆಯುವ ಪದ್ಧತಿಯ ಮೊದಲ ಪಾಠ ಒಂದು ನೋಟುಪುಸ್ತಕ. ಅದರಲ್ಲಿ ಮೂರು ಸಾಲು. ಮೊದಲ ಸಾಲಿನಲ್ಲಿ ಆ ವರ್ತನೆಗೆ ಮುಂಚೆ ಏನಿತ್ತು—ಹೊತ್ತು, ಸ್ಥಳ, ಜನ, ಸದ್ದು. ಎರಡನೆಯದರಲ್ಲಿ ಹುಡುಗ ಏನು ಮಾಡಿದ, ಕಂಡಷ್ಟೇ, 'ಹುಚ್ಚು ಹಿಡಿಯಿತು' 'ಸಿಟ್ಟು ಬಂತು' ಎಂಬ ವ್ಯಾಖ್ಯಾನವಿಲ್ಲದೆ. ಮೂರನೆಯದರಲ್ಲಿ ಆಮೇಲೆ ಏನಾಯಿತು, ಅವನಿಗೆ ಏನು ದೊರೆಯಿತು ಅಥವಾ ಏನು ತಪ್ಪಿತು. ಓದು ಬಾರದ ತಾಯಿಯಾದರೆ ಕ್ಯಾಲೆಂಡರಿನ ಮೇಲೆ ಚುಕ್ಕೆ ಇಟ್ಟರೂ ಸಾಕು. ತಂಗಿ ಶಾಲೆಯಿಂದ ಬಂದು ಬರೆದಾಳು.

ನಮ್ಮ ಕಲ್ಪನೆಯ ಮನೆಯಲ್ಲಿ ಹದಿನೈದು ದಿನ ಹೀಗೆ ಬರೆದರೆ ಏನು ಕಾಣಬಹುದು? ಅಮಾವಾಸ್ಯೆಯ ದಿನಕ್ಕೂ ಬಿದಿಗೆಯ ದಿನಕ್ಕೂ ವ್ಯತ್ಯಾಸವಿಲ್ಲ. ಕಬ್ಬಿನ ದರಕ್ಕಾಗಿ ರೈತರು ಹೋರಾಟ ಹೂಡಿ ಸಾಗಣೆ ನಿಂತ ನಾಲ್ಕು ದಿನ ಹುಡುಗ ಪಡಸಾಲೆಯಲ್ಲಿ ಶಾಂತವಾಗಿ ಕುಳಿತು ಜೋಳದ ಕಾಳು ಸಾಲಾಗಿ ಇಟ್ಟಿದ್ದಾನೆ. ಸಾಗಣೆ ಮತ್ತೆ ಹೊರಟ ಸಂಜೆಯೇ ಕೈ ಕಚ್ಚಿಕೊಂಡಿದ್ದಾನೆ. ದೀಪಾವಳಿಯ ಅಮಾವಾಸ್ಯೆ ಬರುವುದೂ ಕಾರ್ಖಾನೆಗಳು ಕಬ್ಬು ನುರಿಸಲು ತೊಡಗುವುದೂ ಹೆಚ್ಚು ಕಡಿಮೆ ಒಂದೇ ಕಾಲದಲ್ಲಿ. ಅಜ್ಜಿಯ ಲೆಕ್ಕ ಸರಿಯಾಗಿಯೇ ಇತ್ತು, ಹೊಣೆಗಾರ ಮಾತ್ರ ಬೇರೆಯವನಾಗಿದ್ದ. ಆಟಿಸಂ ಇರುವ ಅನೇಕರಿಗೆ ಸದ್ದು ನಮಗೆ ಕೇಳಿಸಿದಂತೆ ಕೇಳಿಸುವುದಿಲ್ಲ; ನಮಗೆ ಕಿರಿಕಿರಿಯಾಗುವುದು ಅವರಿಗೆ ನೋವಾಗುತ್ತದೆ. ಹುಡುಗನು ಕಲ್ಲು ಬೀಸುತ್ತಿದ್ದುದು ಜನರಿಗಲ್ಲ, ಆ ಹಾಡಿಗೆ.

ಇಂಥ ವರ್ತನೆಗೆ ಸಾಮಾನ್ಯವಾಗಿ ನಾಲ್ಕು ಉದ್ದೇಶಗಳನ್ನು ಶಾಸ್ತ್ರಜ್ಞರು ಹೇಳುತ್ತಾರೆ: ಇತರರ ಗಮನ ಸೆಳೆಯುವುದು, ಬೇಕಾದ ವಸ್ತು ಪಡೆಯುವುದು, ಬೇಡವಾದುದರಿಂದ ತಪ್ಪಿಸಿಕೊಳ್ಳುವುದು, ಇಲ್ಲವೇ ಆ ಚಲನೆಯಲ್ಲೇ ದೇಹಕ್ಕೆ ದೊರೆಯುವ ಏನೋ ಒಂದು ಸಮಾಧಾನ. ಇದೆಲ್ಲಕ್ಕಿಂತ ಮೊದಲು ನೋಡಬೇಕಾದ್ದು ಒಂದಿದೆ. ಹಲ್ಲುನೋವು, ಕಿವಿ ಸೋರುವಿಕೆ, ಮಲಬದ್ಧತೆ, ಮೂರ್ಛೆ ಇವುಗಳನ್ನು ಹೇಳಿಕೊಳ್ಳಲಾರದವನು ತಲೆ ಬಡಿದುಕೊಂಡೇ ಹೇಳುತ್ತಾನೆ. ಹುಳುಕು ಹಲ್ಲಿಗೆ ನೋಟುಪುಸ್ತಕದಲ್ಲಿ ಮದ್ದಿಲ್ಲ. ಆದ್ದರಿಂದ ವೈದ್ಯರ ಪರೀಕ್ಷೆ ಆದ ಮೇಲೆಯೇ ಉಳಿದ ಮಾತು.

1985ರಲ್ಲಿ ಅಮೆರಿಕದ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡುರಾಂಡ್ ಎಂಬಿಬ್ಬರು ಒಂದು ಸರಳವಾದ ಪ್ರಯೋಗ ಪ್ರಕಟಿಸಿದರು. ಪಾಠದ ಹೊತ್ತಿನಲ್ಲಿ ರಂಪ ಮಾಡುವ ಮಕ್ಕಳಲ್ಲಿ ಕೆಲವರು ಪಾಠ ಕಠಿಣವೆಂದು, ಕೆಲವರು ತಮ್ಮ ಕಡೆ ಯಾರೂ ನೋಡುತ್ತಿಲ್ಲವೆಂದು ಹಾಗೆ ಮಾಡುತ್ತಾರೆಂದು ಗುರುತಿಸಿ, ಮೊದಲನೆಯವರಿಗೆ 'ನನಗಿದು ತಿಳಿಯಲಿಲ್ಲ' ಎಂದೂ ಎರಡನೆಯವರಿಗೆ 'ನಾನು ಚೆನ್ನಾಗಿ ಮಾಡುತ್ತಿದ್ದೇನೆಯೇ?' ಎಂದೂ ಹೇಳುವುದನ್ನು ಕಲಿಸಿದರು. ರಂಪ ಇಳಿಯಿತು. ಶಿಕ್ಷೆಯಿಂದಲ್ಲ, ಅದೇ ಕೆಲಸವನ್ನು ಮಾಡಿಕೊಡುವ, ಅದಕ್ಕಿಂತ ಸುಲಭವಾದ ಒಂದು ಮಾತು ಕೈಗೆ ಸಿಕ್ಕಿದ್ದರಿಂದ. ಕನ್ನಡ ಮೇಷ್ಟರಿಗೆ ಇದಕ್ಕಿಂತ ಹಿತವಾದ ಸುದ್ದಿ ಇನ್ನೇನಿದೆ? ಮಾತೇ ಬಾರದವನಿಗೆ ಕೈಸನ್ನೆಯಾದೀತು, ಚಿತ್ರದ ಚೀಟಿಯಾದೀತು. ನಮ್ಮ ಹುಡುಗನಿಗೆ ದೂರದಲ್ಲಿ ಹಾಡು ಕೇಳಿಸಿದೊಡನೆ ಅವ್ವನ ಸೆರಗು ಜಗ್ಗಿ ಒಳಕೋಣೆಯತ್ತ ಕೈ ತೋರುವುದನ್ನು ಕಲಿಸಬಹುದು. ತೋರಿದೊಡನೆ, ರೊಟ್ಟಿ ಹೆಂಚಿನ ಮೇಲೆ ಸೀದರೂ ಚಿಂತೆಯಿಲ್ಲ, ಅವನನ್ನು ಒಳಕ್ಕೆ ಕರೆದೊಯ್ಯಬೇಕು. ಮೊದಮೊದಲು ನೂರಕ್ಕೆ ನೂರು ಸಲ ಸನ್ನೆ ಫಲಿಸಬೇಕು. ಫಲಿಸದ ಮಾತನ್ನು ಯಾರು ತಾನೆ ಎರಡನೆಯ ಸಲ ಆಡುತ್ತಾರೆ?

ಇಲ್ಲಿಯವರೆಗಿನದು ಮನೆಯ ಮಾತಾಯಿತು. ನಾನು ಹೇಳಬೇಕೆಂದಿರುವುದು ಮನೆಯ ಹೊಸ್ತಿಲಾಚೆಯದು.

ಬೀದಿಯ ಕೊನೆಯ ಕಿರಾಣಿ ಅಂಗಡಿಯನ್ನು ನೋಡಿ. ಹುಡುಗ ಹೋಗಿ ಅಕ್ಕಿಯ ಚೀಲಕ್ಕೆ ಕೈ ಹಾಕಿ ಚೆಲ್ಲುತ್ತಾನೆ. ಅಂಗಡಿಯ ಕಾಕಾ ಒಳ್ಳೆಯ ಮನುಷ್ಯ. "ತಗೋ ತಮ್ಮಾ, ಹೋಗು ಮನೀಗೆ" ಎಂದು ಒಂದು ಬಿಸ್ಕೀಟಿನ ಪೊಟ್ಟಣ ಕೊಟ್ಟು ಸಾಗಹಾಕುತ್ತಾನೆ. ಮರುದಿನವೂ ಅಕ್ಕಿ ಚೆಲ್ಲುತ್ತದೆ, ಮರುದಿನವೂ ಬಿಸ್ಕೀಟು. ಕಾಕಾ ಅರಿಯದೆಯೇ ದಿನಕ್ಕೊಂದು ಪಾಠ ಹೇಳಿಕೊಡುತ್ತಿದ್ದಾನೆ: ಬಿಸ್ಕೀಟು ಬೇಕಾದರೆ ಅಕ್ಕಿ ಚೆಲ್ಲು. ಮನೆಯಲ್ಲಿ ತಾಯಿ ಎಷ್ಟೇ ಪಳಗಿಸಿದರೂ ಈ ಗುರುವಿನ ಮುಂದೆ ಆಕೆಯ ಆಟ ನಡೆಯದು. ಕಾಕಾ ಮಾಡಬೇಕಾದ್ದು ಇಷ್ಟೇ: ಹುಡುಗ ಚೀಲದ ಬಳಿ ಹೋಗುವ ಮೊದಲೇ ಕರೆದು, ಅವನು ಅಂಗೈ ಚಾಚಿದರೆ ಬಿಸ್ಕೀಟು ಕೊಡುವುದು, ಚೆಲ್ಲಿದ ಮೇಲೆ ಕೊಡದಿರುವುದು. ಮನೆಯವರು ತಿಂಗಳ ಕೊನೆಗೆ ಲೆಕ್ಕ ತೀರಿಸಿಯಾರು.

ಆದರೆ ಮೊದಲ ವಾರ ಸಂಗತಿ ಕೆಡುತ್ತದೆಂದು ಕಾಕಾನಿಗೆ ಮುಂಚೆಯೇ ಹೇಳಿರಬೇಕು. ಇದುವರೆಗೆ ಒಂದು ಹಿಡಿ ಚೆಲ್ಲಿದರೆ ಸಿಗುತ್ತಿದ್ದುದು ಈಗ ಸಿಗಲಿಲ್ಲವೆಂದರೆ ಹುಡುಗ ಇಡೀ ಚೀಲವನ್ನೇ ಉರುಳಿಸಿಯಾನು. ತಿರುಗಿಸಿದ ನಲ್ಲಿಯಲ್ಲಿ ನೀರು ಬರದಿದ್ದರೆ ನಾವೂ ಇನ್ನಷ್ಟು ಜೋರಾಗಿ ತಿರುಗಿಸುವುದಿಲ್ಲವೆ? ಆ ಗಳಿಗೆಯಲ್ಲಿ ಕನಿಕರಪಟ್ಟು ಯಾರಾದರೊಬ್ಬರು—ಬಹುಮಟ್ಟಿಗೆ ಅಜ್ಜಿಯೇ—ಬಿಸ್ಕೀಟು ಕೊಟ್ಟರೆ, ಚೀಲ ಉರುಳಿಸಿದರೇ ಸಿಗುವುದೆಂಬ ಹೊಸ ಪಾಠ ಗಟ್ಟಿಯಾಗುತ್ತದೆ. ಈ ಪದ್ಧತಿಯನ್ನು ಹಿಡಿದ ಎಷ್ಟೋ ಮನೆಗಳು ಕೈಬಿಡುವುದು ಈ ವಾರದಲ್ಲಿಯೇ. 'ಮಾಡಿ ನೋಡಿದೆವು, ಹೆಚ್ಚಾಯಿತು' ಎನ್ನುತ್ತಾರೆ. ಹೆಚ್ಚಾದದ್ದು ನಿಜ, ಅದು ಇಳಿಯುವ ಮೊದಲಿನ ಏರು.

ಇನ್ನು ಬಸ್‌ಸ್ಟ್ಯಾಂಡಿನ ಹುಡುಗರು. ಅವನ ನಡಿಗೆಯನ್ನು ಅಣಕಿಸಿ ಅವನು ಚೀರಿದಾಗ ನಗುವವರು. ಇವರ ವಿಷಯದಲ್ಲಿ ನನಗೆ ಶಾಸ್ತ್ರದ ತಾಳ್ಮೆ ಇಲ್ಲ. ಆದರೂ ಅನುಭವಸ್ಥ ಶಿಕ್ಷಕರು ಹೇಳುವುದುಂಟು: ಅವರಲ್ಲಿ ಹಿರಿಯನಾದ ಒಬ್ಬನಿಗೆ 'ಇವನನ್ನು ದಿನಾ ಗುಡಿಯ ತನಕ ಕರಕೊಂಡು ಹೋಗಿ ಬರುವುದು ನಿನ್ನ ಜವಾಬುದಾರಿ' ಎಂದು ಒಪ್ಪಿಸಿದರೆ, ಅಣಕ ನಿಲ್ಲುತ್ತದೆ, ಬೇರೆಯವರ ಅಣಕವನ್ನು ಅವನೇ ನಿಲ್ಲಿಸುತ್ತಾನೆ.

'ಇದೆಲ್ಲ ಪರದೇಶದ ಮಾತು, ನಮ್ಮ ಹಳ್ಳಿಗಳಲ್ಲಿ ಮನಶ್ಶಾಸ್ತ್ರಜ್ಞರೆಲ್ಲಿದ್ದಾರೆ?' ಎಂದು ಕೇಳುವವರಿಗೆ ಬಳ್ಳಾರಿಯ ಕಡೆ ಬೆರಳು ತೋರಿಸಬೇಕಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1970ರ ದಶಕದಲ್ಲಿಯೇ ನಗರದಾಚೆಯ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವನ್ನು ತೆರೆದು, ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ಏನೇನು ಕಲಿಸಬಹುದೆಂದು ಪರೀಕ್ಷಿಸಿತು. ಅದರ ಬಲದಿಂದ 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ಕಾರ್ಯಕರ್ತರೂ ಮನೋರೋಗ, ಮೂರ್ಛೆರೋಗ, ಬುದ್ಧಿಮಾಂದ್ಯಗಳನ್ನು ಗುರುತಿಸಿ ಅಲ್ಲಿಯೇ ನೆರವಾಗುವ ಕಾರ್ಯಕ್ರಮ ತೊಡಗಿತು. ಆರ್. ಶ್ರೀನಿವಾಸಮೂರ್ತಿಯವರಂಥ ವೈದ್ಯರು ಅದರ ಹಿಂದಿದ್ದರು. 1996ರಲ್ಲಿ ದೇಶವು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿದಾಗ ಮುಂದಿಟ್ಟುಕೊಂಡ ಮಾದರಿ ಬಳ್ಳಾರಿಯದೇ. ಇನ್ನೊಂದೆಡೆ, 1984ರಲ್ಲಿ ಸಿಕಂದರಾಬಾದಿನಲ್ಲಿ ಹುಟ್ಟಿದ ಬುದ್ಧಿಮಾಂದ್ಯರ ರಾಷ್ಟ್ರೀಯ ಸಂಸ್ಥೆಯಿಂದ ರೀಟಾ ಪೆಶಾವರಿಯಾ ಮತ್ತು ಎಸ್. ವೆಂಕಟೇಶನ್ ಅವರು 1992ರಲ್ಲಿ ಶಿಕ್ಷಕರಿಗಾಗಿ ಬರೆದ ಕೈಪಿಡಿ ಹೊರಬಂತು. ಭಾರತದ ಮಕ್ಕಳನ್ನು ಕಣ್ಣ ಮುಂದಿರಿಸಿಕೊಂಡು ಬರೆದ ಪುಸ್ತಕ ಅದು. ವೆಂಕಟೇಶನ್ ಅವರು ಮುಂದೆ ನಮ್ಮ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಅಂದರೆ ವಿದ್ಯೆ ಕನ್ನಡನಾಡಿಗೆ ಬಂದು ಮೂವತ್ತು ವರ್ಷಗಳ ಮೇಲಾಯಿತು. ಅದು ಜಮಖಂಡಿಯ ದಾರಿ ಹಿಡಿಯುವುದು ಇನ್ನೂ ನಿಧಾನ.

2011ರ ಜನಗಣತಿಯಲ್ಲಿ ಕರ್ನಾಟಕದ ಅಂಗವಿಕಲರ ಸಂಖ್ಯೆ ಸುಮಾರು 13 ಲಕ್ಷ. ಅವರಲ್ಲಿ ಬುದ್ಧಿಮಾಂದ್ಯರೆಂದು ಬರೆಸಿಕೊಂಡವರು 94 ಸಾವಿರದಷ್ಟು. ಆಟಿಸಂಗೆ ಅಂದಿನ ಗಣತಿಯಲ್ಲಿ ಬೇರೆ ಕಲಮೇ ಇರಲಿಲ್ಲ. 2016ರ ಕಾಯಿದೆ ಅಂಗವೈಕಲ್ಯದ ಬಗೆಗಳನ್ನು 7ರಿಂದ 21ಕ್ಕೆ ಏರಿಸಿ ಅದನ್ನೂ ಸೇರಿಸಿತು. ಇವರನ್ನು ಕ್ರೂರವಾಗಿ, ಅಮಾನವೀಯವಾಗಿ ನಡೆಸಿಕೊಳ್ಳದಂತೆ ಕಾಪಾಡಬೇಕೆಂದೂ ಹೇಳಿತು.

ಹಗ್ಗದ ಮಾತಿಗೆ ಬಂದೆವು. ತಮಿಳುನಾಡಿನ ಎರವಾಡಿಯಲ್ಲಿ 2001ರ ಆಗಸ್ಟ್ 6ರ ಬೆಳಗಿನ ಜಾವ ಒಂದು ಆಶ್ರಯಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಮನೋರೋಗಿಗಳು ಓಡಲಾರದೆ ಸುಟ್ಟುಹೋದರು. 2017ರ ಮಾನಸಿಕ ಆರೋಗ್ಯ ಕಾಯಿದೆ ಮನೋರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಿಂದ ಬಿಗಿಯಕೂಡದೆಂದಿತು. ಕಾಯಿದೆ ಸರಿ. ಆದರೆ ಕಂಬಕ್ಕೆ ಕಟ್ಟಿದ ತಾಯಿಯನ್ನು ರಾಕ್ಷಸಿಯೆಂದು ಕರೆಯುವ ಪೇಟೆಯ ಮಹನೀಯರೊಡನೆ ನನಗೆ ಜಗಳವಿದೆ. ಆಕೆ ಐದು ಗಂಟೆಗೆ ದನದ ಮನೆಗೆ ಹೋಗಬೇಕು, ಗಂಡ ಹೊಲದಲ್ಲಿದ್ದಾನೆ, ಬೀದಿಯಲ್ಲಿ ಟ್ರ್ಯಾಕ್ಟರು, ಬೀದಿಯ ಕೆಳಗೆ ನದಿ. ಆಕೆಯ ಹಗ್ಗವನ್ನು ಬಿಚ್ಚಿಸುವ ಮುಂಚೆ, ಆ ಒಂದು ತಾಸು ಹುಡುಗನ ಜೊತೆ ಇರುವವರು ಯಾರೆಂದು ಗೊತ್ತುಮಾಡಿ.

ಗೊತ್ತುಮಾಡಬಹುದಾದವರು ಊರಲ್ಲಿಯೇ ಇದ್ದಾರೆ. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೆಂಬವರಿದ್ದಾರೆ, ತಾಲೂಕಿಗೆ ಒಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಗ್ರಾಮೀಣ ಕಾರ್ಯಕರ್ತರು ಬಹುಪಾಲು ಸ್ವತಃ ಅಂಗವಿಕಲರು, ಸಣ್ಣ ಗೌರವಧನದ ಮೇಲೆ ದುಡಿಯುವವರು. ಮಾಸಾಶನದ ಅರ್ಜಿ, ಗುರುತಿನ ಚೀಟಿ, ತ್ರಿಚಕ್ರ ವಾಹನ, ಇವುಗಳಲ್ಲಿಯೇ ಅವರ ದಿನ ಮುಗಿಯುತ್ತದೆ. ಅವರ ಚೀಲದಲ್ಲಿ ಅರ್ಜಿಗಳ ಜೊತೆಗೆ ಆ ಮೂರು ಸಾಲಿನ ನೋಟುಪುಸ್ತಕವನ್ನೂ ಇಟ್ಟು, ಅದನ್ನು ಓದುವ ಬಗೆಯನ್ನು ಹತ್ತು ದಿನ ಕಲಿಸಿದರೆ, ಆಶಾ ಕಾರ್ಯಕರ್ತೆ, ಅಂಗನವಾಡಿಯಾಕೆ, ಶಾಲೆಯ ಗುರುಗಳು, ಕಿರಾಣಿ ಕಾಕಾ ಇವರನ್ನು ತಿಂಗಳಿಗೊಮ್ಮೆ ಒಂದು ಪಡಸಾಲೆಯಲ್ಲಿ ಕೂಡಿಸುವುದು ಅಸಾಧ್ಯವಲ್ಲ. ನದಿಗೆ ಅಡ್ಡಗೋಡೆ ಕಟ್ಟಲು ಮನೆಮನೆಗೆ ತಿರುಗಿ ಹಣ ಕೂಡಿಸಿದ ಸೀಮೆಗೆ ಈ ಕೂಟ ದೊಡ್ಡದೇ?

ಕಾಕಾನ 'ನಾಕು ಬಾರಿಸಿದ್ರ' ಎಂಬ ಮಾತು ಬಾಕಿ ಉಳಿಯಿತು. ಹೊಡೆದರೆ ಆ ಹೊತ್ತಿಗೆ ನಿಲ್ಲುತ್ತದೆ. ಅದಕ್ಕೇ ಹೊಡೆಯುವವರಿಗೆ ಅದರಲ್ಲಿ ನಂಬಿಕೆ ಹುಟ್ಟುವುದು. ಆದರೆ ಏಟು 'ಇದನ್ನು ಬಿಡು' ಎನ್ನುತ್ತದೆಯೇ ಹೊರತು 'ಇದಕ್ಕೆ ಬದಲಾಗಿ ಇದನ್ನು ಮಾಡು' ಎಂದು ಹೇಳಲಾರದು. ಮೇಲಾಗಿ, ಹದಿನಾರರ ಹುಡುಗ ಇಪ್ಪತ್ತಾಗುವ ಹೊತ್ತಿಗೆ ಕಾಕಾ ಅರವತ್ತಾಗಿರುತ್ತಾನೆ. ಹೊಡೆಯುವುದೂ ಒಂದು ಮಾತೆಂದು ಅಷ್ಟರಲ್ಲಿ ಹುಡುಗ ಕಲಿತಿರುತ್ತಾನೆ.

ಟ್ರ್ಯಾಕ್ಟರಿನವರ ಮೇಲೆ ಯಾರಿಗೂ ದ್ವೇಷವಿರಬೇಕಾಗಿಲ್ಲ. ರಾತ್ರಿಯಿಡೀ ಸರದಿಯಲ್ಲಿ ನಿದ್ದೆಗೆಟ್ಟು ನಿಲ್ಲುವ ಚಾಲಕನಿಗೆ ಆ ಹಾಡೇ ಚಹಾ. ಆ ಬೀದಿಯ ಎರಡು ತಿರುವುಗಳ ನಡುವೆ ಧ್ವನಿ ತಗ್ಗಿಸಬೇಕೆಂದು ಪಂಚಾಯಿತಿ ಒಂದು ಫಲಕ ಹಾಕಿ, ಸುಗ್ಗಿಯ ಆರಂಭದಲ್ಲಿ ಚಾಲಕರಿಗೆ ಕಾರಣ ಸಹಿತ ಹೇಳಿದರೆ ಬಹಳಷ್ಟು ಮಂದಿ ಕೇಳುತ್ತಾರೆ. ಕಾರಣ ಹೇಳುವುದು ಮುಖ್ಯ. 'ಸದ್ದು ಮಾಡಬೇಡಿ' ಎಂಬ ಫಲಕವನ್ನು ಯಾರೂ ಓದುವುದಿಲ್ಲ. 'ಈ ಮನೆಯಲ್ಲಿ ಒಬ್ಬ ಹುಡುಗನಿದ್ದಾನೆ, ನಿಮ್ಮ ಹಾಡು ಅವನ ಕಿವಿಗೆ ನೋವು' ಎಂದು ಬಾಯಿಮಾತಿನಲ್ಲಿ ಹೇಳಿದರೆ ಮರೆಯುವುದಿಲ್ಲ. ಕೇಳದವರ ಸಲುವಾಗಿ ಹುಡುಗನಿಗೆ ಕಿವಿ ಮುಚ್ಚುವ ಸಾಧನವೊಂದನ್ನು, ಸ್ವಲ್ಪ ಸ್ವಲ್ಪ ಹೊತ್ತು ಹಾಕಿ ರೂಢಿ ಮಾಡಿಸಬೇಕು.

ನದಿಯ ಮಾತು ಹೇಳದೆ ಈ ಲೇಖನ ಮುಗಿಸಲಾರೆ. ಆಟಿಸಂ ಇರುವ ಮಕ್ಕಳು ಯಾರಿಗೂ ಹೇಳದೆ ಮನೆಯಿಂದ ಹೊರಟುಬಿಡುವುದು, ನೀರಿನ ಕಡೆಗೆ ಸೆಳೆಯಲ್ಪಡುವುದು, ನೀರಿನಲ್ಲಿ ಮುಳುಗುವುದು ಇತರ ಮಕ್ಕಳಿಗಿಂತ ಬಹಳ ಹೆಚ್ಚೆಂದು ಲೋಕದ ಅನೇಕ ಕಡೆಯ ವೈದ್ಯರು ಕಂಡುಕೊಂಡಿದ್ದಾರೆ. ಹೊಳೆಯುವ, ಹರಿಯುವ ನೀರು ಅವರ ಕಣ್ಣಿಗೆ ಏನು ಹೇಳುತ್ತದೋ! ಕೃಷ್ಣೆಯ ದಂಡೆಯ ಊರಿನಲ್ಲಿ ಇದು ಪುಸ್ತಕದ ಮಾತಲ್ಲ. ಸದ್ದಿನಿಂದ ತಪ್ಪಿಸಿಕೊಂಡು ಓಡುವ ಹುಡುಗನಿಗೆ ಅತ್ಯಂತ ಶಾಂತವಾದ ಸ್ಥಳ ಕಾಣುವುದು ಅದೇ ನದಿಯ ದಂಡೆ. ಅವನಿಗೆ ಈಜು ಕಲಿಸುವುದು ಒಂದು ಕೆಲಸ. ನಡುವಿಗೆ ಹಗ್ಗ ಕಟ್ಟಿ ಬಾವಿಗೆ ಇಳಿಸಿ ಊರಿನ ಮಕ್ಕಳಿಗೆಲ್ಲ ಈಜು ಕಲಿಸಿದ ಹಿರಿಯರು ಇನ್ನೂ ಇದ್ದಾರೆ, ಮನಸ್ಸು ಮಾಡಿದರೆ ಅವರು ಇವನಿಗೂ ಕಲಿಸಿಯಾರು. ಅದಕ್ಕಿಂತ ಮೊದಲಿನ ಕೆಲಸ ಇನ್ನೊಂದಿದೆ. ದಂಡೆಯಲ್ಲಿ ಬಟ್ಟೆ ಒಗೆಯುವ ಹೆಂಗಸರಿಗೆ, ಮೀನು ಹಿಡಿಯುವವರಿಗೆ, ಪಂಪಿನ ಮನೆ ಕಾಯುವವನಿಗೆ, ಬ್ಯಾರೇಜಿನ ಮೇಲೆ ದಿನವೂ ಓಡಾಡುವವರಿಗೆ ಅವನ ಹೆಸರು ತಿಳಿದಿರಬೇಕು. ಅವನನ್ನು ಕಂಡಾಗ ಕೂಗಿ ಬೆನ್ನಟ್ಟಬಾರದು. ಕೂಗಿದರೆ ಅವನು ನೀರಿನ ಕಡೆಗೇ ಓಡುತ್ತಾನೆ. ಎದುರಿಗೆ ಬಂದು, ತಗ್ಗಿದ ದನಿಯಲ್ಲಿ ಹೆಸರು ಹಿಡಿದು ಕರೆದು, ಅಂಗೈ ಚಾಚಿ ನಿಲ್ಲಬೇಕು. ಅಂಗೈ ಚಾಚುವುದರ ಅರ್ಥವನ್ನು ಕಿರಾಣಿ ಕಾಕಾ ಅವನಿಗೆ ಆಗಲೇ ಕಲಿಸಿರುತ್ತಾನೆ.